ಕೊಚ್ಚಿಯ ಗೋದಾಮು, ತಿರುವನಂತಪುರದ ಅಂಗಡಿ: ನಡುವೆ ಅಂತರಜಾಲದ ಫೋನು

ನಮ್ಮ ಸದಸ್ಯರಲ್ಲಿ ಹೋಟೆಲು, ಔಷಧ ವಿತರಣೆ, ಅಡಿಕೆ-ಕಾಳುಮೆಣಸು, ಲೆಕ್ಕಪರಿಶೋಧನೆ ಎಂದು ಸ್ವಂತ ವ್ಯವಹಾರ ನಡೆಸುವವರು ಅನೇಕರಿದ್ದಾರೆ. ಅವರಲ್ಲಿ ಹಲವರಿಗೆ ಒಂದು ಕಾಲು ಎರ್ನಾಕುಳಂನಲ್ಲಿ, ಇನ್ನೊಂದು ತಿರುವನಂತಪುರದಲ್ಲಿ. ಇದು ಕೇರಳದ ವಿಶೇಷ. ಬಂದರು ಇಲ್ಲಿ, ಸೆಕ್ರೆಟೇರಿಯಟ್ ಅಲ್ಲಿ. ಹೈಕೋರ್ಟು ಇಲ್ಲಿ, ಇಲಾಖೆಗಳ ಮುಖ್ಯ ಕಚೇರಿಗಳು ಅಲ್ಲಿ. ಮಟ್ಟಾಂಚೇರಿಯಲ್ಲಿ ಗೋದಾಮು ಇಟ್ಟವರು ಚಾಲೈ ಬಜಾರಿನಲ್ಲಿ ಒಂದು ಅಂಗಡಿಯನ್ನೂ ಇಡಬೇಕಾಗುತ್ತದೆ. ನಡುವಿನ ಸುಮಾರು ಇನ್ನೂರು ಕಿಲೋಮೀಟರನ್ನು ದಿನಕ್ಕೆ ಇಪ್ಪತ್ತು ಬಾರಿ ಫೋನಿನಲ್ಲೇ ದಾಟಬೇಕು.

ಈ ಫೋನಿನ ಖರ್ಚು ಒಂದು ಕಾಲಕ್ಕೆ ಅಂಗಡಿ ಬಾಡಿಗೆಯಷ್ಟೇ ಚಿಂತೆಯ ವಿಷಯವಾಗಿತ್ತು. 1990ರ ದಶಕದಲ್ಲಿ 0471 ಒತ್ತಿದ ಕ್ಷಣದಿಂದ ಎಸ್.ಟಿ.ಡಿ. ಮೀಟರು ಓಡುತ್ತಿದ್ದ ಬಗೆ ಹಿರಿಯರಿಗೆ ನೆನಪಿರುತ್ತದೆ. ಕಾಲು ದರಕ್ಕಾಗಿ ರಾತ್ರಿ ಹನ್ನೊಂದು ಗಂಟೆಯವರೆಗೆ ಕಾಯುವುದು, ಹಳದಿ ಬೋರ್ಡಿನ ಬೂತಿನಲ್ಲಿ ಸರತಿ ನಿಲ್ಲುವುದು, ದೀರ್ಘ ಪಟ್ಟಿ ಇದ್ದರೆ ವಂಚಿನಾಡ್ ಎಕ್ಸ್‌ಪ್ರೆಸ್ಸಿನಲ್ಲಿ ಹೋಗುವ ಪರಿಚಯದವರ ಕೈಗೆ ಚೀಟಿ ಕೊಡುವುದು ಎಲ್ಲವೂ ನಡೆದಿತ್ತು. 2006ರ ಮಾರ್ಚಿನಲ್ಲಿ ಬಿ.ಎಸ್.ಎನ್.ಎಲ್. ದೇಶದೊಳಗೆ ಎಲ್ಲಿಗೆ ಮಾತನಾಡಿದರೂ ನಿಮಿಷಕ್ಕೆ ಒಂದು ರೂಪಾಯಿ ಎಂಬ ಯೋಜನೆ ತಂದಿತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ಮಾತಿಗೆ ಪ್ರತ್ಯೇಕ ಬೆಲೆಯೇ ಉಳಿಯಲಿಲ್ಲ.

ಹಾಗಾದರೆ ಅಂತರಜಾಲದ ಫೋನು ಏಕೆ ಬೇಕು? ಕರೆಗೆ ಕಾಸು ಉಳಿಯುತ್ತದೆ ಎಂದು ಮಾರಾಟಗಾರರು ಇಂದಿಗೂ ಹೇಳುವುದುಂಟು. ಎರಡು ಊರುಗಳ ನಡುವಿನ ಮಾತಿಗೆ ಆ ಕಾರಣ ಈಗ ಸಲ್ಲದು. ಬೇರೆ ಕಾರಣವಿದೆ, ಮತ್ತು ಅದೇ ಗಟ್ಟಿಯಾದದ್ದು.

ಈಗ ಬಹುತೇಕ ಅಂಗಡಿಗಳಲ್ಲಿ ಏನಾಗಿದೆ ನೋಡಿ. ಲ್ಯಾಂಡ್‌ಲೈನ್ ಮೂಲೆ ಸೇರಿದೆ. ಗಿರಾಕಿಗಳೆಲ್ಲ ಕರೆಯುವುದು ತಿರುವನಂತಪುರದ ಮ್ಯಾನೇಜರರ ಸ್ವಂತ ಮೊಬೈಲಿಗೆ. ಹತ್ತು ವರ್ಷದ ಗಿರಾಕಿಗಳ ಪಟ್ಟಿ, ಯಾರು ಎಷ್ಟು ಗಂಟೆಗೆ ಆರ್ಡರ್ ಹೇಳಿದರು ಎಂಬ ದಾಖಲೆ ಎಲ್ಲ ಆ ಒಂದು ಕಿಸೆಯಲ್ಲಿ. ಅವರು ರಜೆ ಹೋದರೆ ಶಾಖೆಗೆ ಕಿವಿಯೇ ಇಲ್ಲ. ಕೆಲಸ ಬಿಟ್ಟು ಪಕ್ಕದ ಅಂಗಡಿ ಸೇರಿದರೆ ಗಿರಾಕಿಗಳೂ ಅವರ ಹಿಂದೆಯೇ ಹೋಗುತ್ತಾರೆ. ಇದರಲ್ಲಿ ಮ್ಯಾನೇಜರರ ತಪ್ಪೇನೂ ಇಲ್ಲ. ಸಂಖ್ಯೆ ಅವರದೇ ತಾನೇ! ಸಂಖ್ಯೆ ವ್ಯಾಪಾರದ್ದಾಗಿರಬೇಕು, ಎರಡೂ ಊರಿನವರು ಅದನ್ನು ಎತ್ತುವಂತಿರಬೇಕು. ಅಂತರಜಾಲದ ಫೋನು ಕೊಡುವುದು ಇದನ್ನು.

ಅದರ ಕೆಲಸದ ಕ್ರಮ ಹೀಗೆ. ಹಳೆಯ ಫೋನಿನಲ್ಲಿ ಮಾತು ಮುಗಿಯುವವರೆಗೆ ಎರಡು ಊರುಗಳ ನಡುವೆ ಒಂದು ದಾರಿಯನ್ನು ನಿಮಗೆಂದೇ ಕಾದಿರಿಸುತ್ತಿದ್ದರು, ರೈಲಿನಲ್ಲಿ ಇಡೀ ಬೋಗಿ ಗೊತ್ತುಮಾಡಿದ ಹಾಗೆ. ಹೊಸ ಪದ್ಧತಿಯಲ್ಲಿ ಧ್ವನಿಯನ್ನು ಅಂಕಿಗಳನ್ನಾಗಿ ಮಾಡಿ, ಸಣ್ಣ ಸಣ್ಣ ಪೊಟ್ಟಣ ಕಟ್ಟಿ, ಉಳಿದೆಲ್ಲ ಅಂಚೆಯ ಜೊತೆಗೆ ಒಂದೇ ಚೀಲದಲ್ಲಿ ಕಳಿಸುತ್ತಾರೆ. ಸೆಕೆಂಡಿಗೆ 8000 ಬಾರಿ ಧ್ವನಿಯನ್ನು ಅಳೆದು, ಸಾಮಾನ್ಯವಾಗಿ 20 ಮಿಲಿಸೆಕೆಂಡಿಗೊಂದು ಪೊಟ್ಟಣದಂತೆ, ಸೆಕೆಂಡಿಗೆ 50 ಪೊಟ್ಟಣಗಳು ಹೊರಡುತ್ತವೆ. ಆ ಕಡೆಯ ಫೋನು ಅವನ್ನು ಬಿಚ್ಚಿ ಮತ್ತೆ ಧ್ವನಿ ಮಾಡುತ್ತದೆ. ಯಾರು ಯಾರನ್ನು ಕರೆಯುತ್ತಿದ್ದಾರೆ, ಗಂಟೆ ಬಾರಿಸಬೇಕೆ, ಕರೆ ಮುಗಿಯಿತೆ ಎಂಬ ಮಾತುಕತೆಗೆ ಎಸ್.ಐ.ಪಿ. ಎಂಬ ನಿಯಮಾವಳಿ ಇದೆ. 1999ರಲ್ಲಿ ಮೊದಲು ಪ್ರಕಟವಾಗಿ 2002ರಲ್ಲಿ ಪರಿಷ್ಕೃತವಾದ ಇದನ್ನೇ ಈಗ ಹೆಚ್ಚಿನ ಕಂಪೆನಿಗಳ ಉಪಕರಣಗಳು ಪಾಲಿಸುತ್ತವೆ.

ಇಷ್ಟನ್ನೆಲ್ಲ ನಡೆಸಲು ಒಂದು ಖಾಸಗಿ ಎಕ್ಸ್‌ಚೇಂಜ್ ಬೇಕು. ಸಿ-ಡಾಟ್ ಸಂಸ್ಥೆಯ 128 ಲೈನಿನ ಗ್ರಾಮೀಣ ಎಕ್ಸ್‌ಚೇಂಜ್ 1986ರಲ್ಲಿ ಮೊತ್ತಮೊದಲು ಚಾಲೂ ಆದದ್ದು ನಮ್ಮ ಕಿತ್ತೂರಿನಲ್ಲಿ ಎಂಬುದು ಕನ್ನಡಿಗರು ನೆನಪಿಡಬೇಕಾದ ಸಂಗತಿ. ಅಷ್ಟು ಲೈನುಗಳ ಕೆಲಸವನ್ನು ಈಗ ಬುತ್ತಿ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆಯೊಂದು ಮಾಡುತ್ತದೆ. ತಂತ್ರಾಂಶವೂ ದುಬಾರಿಯಲ್ಲ. ಅಮೆರಿಕದ ಮಾರ್ಕ್ ಸ್ಪೆನ್ಸರ್ ಎಂಬ ತರುಣ ತನ್ನ ಚಿಕ್ಕ ಕಂಪೆನಿಗೆ ಫೋನ್ ವ್ಯವಸ್ಥೆ ಕೊಳ್ಳಲು ಹಣವಿಲ್ಲದೆ 1999ರಲ್ಲಿ ತಾನೇ ಬರೆದ ಆಸ್ಟರಿಸ್ಕ್ ಎಂಬ ತಂತ್ರಾಂಶ ಯಾರಿಗಾದರೂ ಉಚಿತ. ಪೆಟ್ಟಿಗೆಯನ್ನು ಕೊಚ್ಚಿಯಲ್ಲಿಟ್ಟು, ಎರಡೂ ಕಡೆಯ ರೌಟರುಗಳ ನಡುವೆ ವಿ.ಪಿ.ಎನ್. ಎಂಬ ಬೀಗ ಹಾಕಿದ ಸುರಂಗ ತೆಗೆದರೆ, ತಿರುವನಂತಪುರದ ಮೇಜಿನ ಫೋನು ಕೊಚ್ಚಿಯ ಒಳಸಂಖ್ಯೆಯೇ ಆಗುತ್ತದೆ. 201 ಒತ್ತಿದರೆ ಗೋದಾಮು, 301 ಒತ್ತಿದರೆ ಚಾಲೈ. ಪೆಟ್ಟಿಗೆ ಬೇಡವೆಂದರೆ ತಿಂಗಳ ಬಾಡಿಗೆಗೆ ಅದನ್ನು ನಡೆಸಿಕೊಡುವ ಕಂಪೆನಿಗಳೂ ಇವೆ.

ಸರಕಾರದ ಉದಾಹರಣೆಯೂ ನಮ್ಮ ಮುಂದೆಯೇ ಇದೆ. ಕೇರಳದ ಕೆ-ಸ್ವಾನ್ ಜಾಲ ತಿರುವನಂತಪುರ, ಕೊಚ್ಚಿ, ಕೋಳಿಕ್ಕೋಡು ಈ ಮೂರು ಕೇಂದ್ರಗಳನ್ನು ಬೆನ್ನೆಲುಬಾಗಿಟ್ಟುಕೊಂಡು 14 ಜಿಲ್ಲೆಗಳಿಗೆ, 152 ಬ್ಲಾಕ್ ಪಂಚಾಯತುಗಳಿಗೆ ಹಬ್ಬಿದೆ. ದತ್ತಾಂಶ, ಧ್ವನಿ, ದೃಶ್ಯ ಮೂರನ್ನೂ ಒಂದೇ ದಾರಿಯಲ್ಲಿ ಒಯ್ಯುವುದೇ ಇಂಥ ಜಾಲಗಳ ಉದ್ದೇಶ. (ಕರ್ನಾಟಕದ ಜಾಲಕ್ಕೂ ಕೆ-ಸ್ವಾನ್ ಎಂದೇ ಹೆಸರು, ಗಡಿಯ ಎರಡೂ ಕಡೆ ಕೆಲಸವಿರುವವರು ಗೊಂದಲ ಮಾಡಿಕೊಳ್ಳಬಾರದು.) 2023ರ ಜೂನ್ 5ರಂದು ಉದ್ಘಾಟನೆಯಾದ ಕೆ-ಫೋನ್ ಯೋಜನೆ ಆಪ್ಟಿಕಲ್ ಫೈಬರನ್ನು ಇನ್ನಷ್ಟು ಒಳನಾಡಿಗೆ ಒಯ್ದಿದೆ.

ಧ್ವನಿ ಸ್ಪಷ್ಟವಾಗಿರುತ್ತದೆಯೇ ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರು ಓಡುತ್ತದೆ. ಕೊಚ್ಚಿಯಿಂದ ತಿರುವನಂತಪುರಕ್ಕೆ ಒಂದು ಮಿಲಿಸೆಕೆಂಡು ಸಾಕು. ಒಮ್ಮುಖದ ವಿಳಂಬ 150 ಮಿಲಿಸೆಕೆಂಡಿನ ಒಳಗಿದ್ದರೆ ಮಾತಿಗೆ ತೊಡಕಿಲ್ಲವೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು. ಆದರೆ ಬಾಡಿಗೆಯ ಎಕ್ಸ್‌ಚೇಂಜ್ ಅಮೆರಿಕದಲ್ಲಿದ್ದರೆ ನಿಮ್ಮ ಮಾತು ಅಲ್ಲಿಗೆ ಹೋಗಿ ಮರಳಿ ತಿರುವನಂತಪುರಕ್ಕೆ ಬರಬೇಕು, ಆಲಪ್ಪುಳಕ್ಕೆ ಹೊರಟವರು ಮುಂಬಯಿ ಸುತ್ತಿ ಬಂದ ಹಾಗೆ. ಅದರಲ್ಲೇ ಸುಮಾರು ಕಾಲು ಸೆಕೆಂಡು ಕಳೆದು, ಇಬ್ಬರೂ ಒಟ್ಟಿಗೆ ಮಾತು ಶುರುಮಾಡಿ ಒಟ್ಟಿಗೆ ನಿಲ್ಲಿಸುವ ಕಿರಿಕಿರಿ ಆರಂಭವಾಗುತ್ತದೆ. ಯಂತ್ರ ಭಾರತದಲ್ಲಿದೆಯೇ ಎಂದು ಮೊದಲು ಕೇಳಿ.

ಒಂದು ಕರೆಗೆ ಪ್ರತಿ ದಿಕ್ಕಿನಲ್ಲಿ ಬೇಕಾದದ್ದು ಸುಮಾರು 90 ಕಿಲೋಬಿಟ್ ಮಾತ್ರ. ಹತ್ತು ಜನ ಒಟ್ಟಿಗೆ ಮಾತನಾಡಿದರೂ ಒಂದು ಮೆಗಾಬಿಟ್ ದಾಟುವುದಿಲ್ಲ. ಆದರೂ ಮಾತು ಕಡಿದು ಕಡಿದು ಬರುವುದುಂಟು. ಏಕೆಂದರೆ ಅದೇ ಲೈನಿನಲ್ಲಿ ಕ್ಯಾಮೆರಾದ ದೃಶ್ಯಗಳು, ಟ್ಯಾಲಿ ಲೆಕ್ಕದ ಬ್ಯಾಕಪ್ಪು, ಹುಡುಗರ ವಿಡಿಯೋ ಎಲ್ಲ ನುಗ್ಗುತ್ತಿರುತ್ತವೆ. ರೌಟರಿನಲ್ಲಿ ಧ್ವನಿಯ ಪೊಟ್ಟಣಗಳಿಗೆ ಮೊದಲ ಪಾಳಿ ಕೊಡುವಂತೆ ಒಮ್ಮೆ ಹೊಂದಿಸಿದರೆ ಮುಕ್ಕಾಲು ಪಾಲು ತಂಟೆ ತೀರುತ್ತದೆ. ಲೈನು ಹಾಕಿದವರು ಇದನ್ನು ತಾವಾಗಿ ಮಾಡುವುದಿಲ್ಲ, ಕೇಳಿ ಮಾಡಿಸಬೇಕು.

ಇನ್ನು ಕಾನೂನು. ಅಂತರಜಾಲದಲ್ಲಿ ಮಾತನಾಡುವ ತಂತ್ರಾಂಶವನ್ನು ಇಸ್ರೇಲಿನ ವೋಕಲ್‌ಟೆಕ್ ಕಂಪೆನಿ ಹೊರತಂದದ್ದು 1995ರಲ್ಲಿ. ಅದೇ ವರ್ಷ ಆಗಸ್ಟ್ 15ರಂದು ವಿ.ಎಸ್.ಎನ್.ಎಲ್. ನಮ್ಮ ದೇಶದ ಸಾರ್ವಜನಿಕರಿಗೆ ಅಂತರಜಾಲ ಕೊಟ್ಟಿತು. ಆದರೆ ಅದರಲ್ಲಿ ಫೋನು ಮಾಡುವುದು ಇಲ್ಲಿ ನಿಷಿದ್ಧವಾಗಿತ್ತು; ವಿದೇಶಿ ಕರೆಗಳ ಆದಾಯ ಕೈತಪ್ಪೀತೆಂಬ ಭಯ. 2002ರ ಏಪ್ರಿಲ್ 1ರಂದು ಅನುಮತಿ ಬಂದಾಗಲೂ ಗಣಕದಿಂದ ಗಣಕಕ್ಕೆ, ಗಣಕದಿಂದ ಹೊರದೇಶದ ಫೋನಿಗೆ ಮಾತ್ರ. ಗಣಕದಿಂದ ಭಾರತದ ಸಾಮಾನ್ಯ ಫೋನಿಗೆ ಕರೆಯಲು 2018ರವರೆಗೆ ಕಾಯಬೇಕಾಯಿತು.

ಈಗ ನೆನಪಿಡಬೇಕಾದ ಗೆರೆ ಒಂದೇ. ನಿಮ್ಮ ಎರಡು ಕಚೇರಿಗಳ ಸಿಬ್ಬಂದಿ ತಮ್ಮತಮ್ಮಲ್ಲಿ ಮಾತನಾಡಲು ಅಡ್ಡಿಯಿಲ್ಲ. ಹೊರಗಿನವರ ಕರೆಗಳನ್ನು ಒಂದು ಊರಿನಲ್ಲಿ ತೆಗೆದುಕೊಂಡು, ಅಂತರಜಾಲದಲ್ಲಿ ಸಾಗಿಸಿ, ಇನ್ನೊಂದು ಊರಿನ ಸಾಮಾನ್ಯ ಫೋನಿಗೆ ಇಳಿಸುವ ಕೆಲಸ ಪರವಾನಗಿ ಇರುವ ಕಂಪೆನಿಗಳದ್ದು. ಅದನ್ನು ನಾವು ಮಾಡಿದರೆ ಅದು ಸಮಾನಾಂತರ ಎಕ್ಸ್‌ಚೇಂಜ್ ಎನಿಸುತ್ತದೆ. 2021ರಲ್ಲಿ ಬೆಂಗಳೂರಿನಲ್ಲೂ ಕೋಳಿಕ್ಕೋಡಿನಲ್ಲೂ ಸಿಮ್ ಪೆಟ್ಟಿಗೆಗಳನ್ನಿಟ್ಟು ನಡೆಸುತ್ತಿದ್ದ ಇಂಥ ಅಕ್ರಮ ಕೇಂದ್ರಗಳನ್ನು ಪೊಲೀಸರು ಹಿಡಿದರು. ಯಾರಾದರೂ ನಿಮ್ಮ ಅಂಗಡಿಯ ಮೂಲೆಯಲ್ಲಿ ಒಂದು ಪೆಟ್ಟಿಗೆ ಇಡುತ್ತೇವೆ, ತಿಂಗಳಿಗೆ ಇಷ್ಟು ಬಾಡಿಗೆ ಕೊಡುತ್ತೇವೆ ಎಂದು ಬಂದರೆ ಕಾಫಿ ಕೊಟ್ಟು ಕಳಿಸಿಬಿಡಿ. ಹೊರಗಿನ ಕರೆಗಳಿಗೆ ಪರವಾನಗಿಯುಳ್ಳ ಕಂಪೆನಿಯಿಂದಲೇ ಎಸ್.ಐ.ಪಿ. ಲೈನು ಪಡೆಯಿರಿ, ನಿಮ್ಮ ಜೋಡಣೆಯ ನಕ್ಷೆ ನಿಯಮಕ್ಕೆ ಸರಿಯಾಗಿದೆಯೆಂದು ಅವರಿಂದ ಬರೆಸಿಕೊಳ್ಳಿ.

ಹಳೆಯ ಫೋನಿನ ಒಂದು ಗುಣ ಮಾತ್ರ ಹೊಸದಕ್ಕಿಲ್ಲ. ತಾಮ್ರದ ತಂತಿಯಲ್ಲಿ ಎಕ್ಸ್‌ಚೇಂಜಿನಿಂದಲೇ 48 ವೋಲ್ಟ್ ಬರುತ್ತಿತ್ತು. ಊರಿಗೆಲ್ಲ ಕರೆಂಟು ಹೋದರೂ ಫೋನು ಬದುಕಿರುತ್ತಿತ್ತು. ಅಂತರಜಾಲದ ಫೋನಿಗೆ ಫೈಬರಿನ ಪೆಟ್ಟಿಗೆ, ರೌಟರು, ಸ್ವಿಚ್ಚು, ಎಕ್ಸ್‌ಚೇಂಜ್ ಎಲ್ಲಕ್ಕೂ ವಿದ್ಯುತ್ತು ಬೇಕು. ಇಡವಪ್ಪಾದಿ ಮಳೆಯ ಗಾಳಿಗೆ ತೆಂಗಿನ ಮಡಲು ತಂತಿಯ ಮೇಲೆ ಬೀಳುವ ನಾಡಿನಲ್ಲಿ ಯು.ಪಿ.ಎಸ್. ಇಲ್ಲದೆ ಇದಕ್ಕೆ ಕೈ ಹಾಕಬಾರದು. ಜೊತೆಗೆ ಬೇರೆ ಕಂಪೆನಿಯ ಎರಡನೆಯ ಲೈನು, ಕಡೆಗೆ ಒಂದು ಸಿಮ್ ಹಾಕುವ ರೌಟರಾದರೂ ಇರಲಿ.

ಆದರೆ ವಿಪತ್ತಿನ ಕಾಲದಲ್ಲೇ ಇದರ ದೊಡ್ಡ ಉಪಯೋಗವೂ ಇದೆ. 2018ರ ಆಗಸ್ಟಿನ ಪ್ರವಾಹದಲ್ಲಿ ಪೆರಿಯಾರ್ ಉಕ್ಕಿ ಆಲುವ ಮುಳುಗಿತು. ನೆಡುಂಬಾಶೇರಿ ವಿಮಾನ ನಿಲ್ದಾಣ ಆಗಸ್ಟ್ 29ರವರೆಗೆ ಮುಚ್ಚಿತ್ತು. ಅಂಥ ದಿನಗಳಲ್ಲಿ ಎರ್ನಾಕುಳಂ ಕಡೆಯ ಅಂಗಡಿಯ ಬಾಗಿಲು ತೆರೆಯಲಾಗದಿದ್ದರೂ ಅದೇ 0484 ಸಂಖ್ಯೆಯನ್ನು ತಿರುವನಂತಪುರದ ಸಿಬ್ಬಂದಿ ಎತ್ತಿ ಉತ್ತರಿಸುವಂತೆ ನಿಮಿಷಗಳಲ್ಲಿ ಬದಲಾಯಿಸಬಹುದು. ಎಕ್ಸ್‌ಚೇಂಜ್ ಪೆಟ್ಟಿಗೆ ಮಾತ್ರ ನೆಲಮಹಡಿಯಲ್ಲಿ ಇರಬಾರದು. ಮಟ್ಟಾಂಚೇರಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಜೀವದ ಪ್ರಶ್ನೆಯಾಗಬಹುದಾದ ಇನ್ನೊಂದು ಸಂಗತಿ. ತಿರುವನಂತಪುರದ ಫೋನಿನ ಹೊರಲೈನು ಕೊಚ್ಚಿಯಲ್ಲಿದ್ದರೆ, ಅಲ್ಲಿ ಬೆಂಕಿ ಬಿದ್ದು 101 ಒತ್ತಿದಾಗ ಗಂಟೆ ಬಾರಿಸುವುದು ಎರ್ನಾಕುಳಂ ಕಡೆಯ ಅಗ್ನಿಶಾಮಕ ಠಾಣೆಯಲ್ಲಿ ಆದೀತು. ಆದ್ದರಿಂದ ಪ್ರತಿ ಶಾಖೆಯಲ್ಲೂ ಆ ಊರಿನದೇ ಒಂದು ಹೊರಲೈನು ಇರಲಿ. ತುರ್ತು ಕರೆಗೆ ಮೊಬೈಲಿನಿಂದ 112 ಒತ್ತಿ ಎಂಬ ಚೀಟಿಯನ್ನು ಫೋನಿನ ಮೇಲೇ ಅಂಟಿಸಿ.

ಕಳ್ಳರ ಕಾಟವೂ ಉಂಟು. ಅಂತರಜಾಲಕ್ಕೆ ತೆರೆದಿಟ್ಟ ಎಕ್ಸ್‌ಚೇಂಜುಗಳನ್ನು ಹಗಲಿರುಳು ಹುಡುಕುತ್ತಿರುವ ಯಂತ್ರಗಳಿವೆ. ಒಳಸಂಖ್ಯೆ 201ಕ್ಕೆ ಗುಪ್ತಪದವೂ 201 ಎಂದೇ ಇದ್ದರೆ ಶನಿವಾರ ರಾತ್ರಿ ಒಳಹೊಕ್ಕು, ಸೋಮವಾರದೊಳಗೆ ವಿದೇಶದ ದುಬಾರಿ ಸಂಖ್ಯೆಗಳಿಗೆ ಕರೆಗಳ ಸರಮಾಲೆ ಮಾಡಿರುತ್ತಾರೆ. ಬಿಲ್ಲು ಮಾತ್ರ ನಿಮ್ಮ ಹೆಸರಿಗೆ. ಉದ್ದನೆಯ ಗುಪ್ತಪದ, ವಿ.ಪಿ.ಎನ್. ಇಲ್ಲದೆ ಯಾರಿಗೂ ಪ್ರವೇಶವಿಲ್ಲದಂತೆ ಬೇಲಿ, ಹೊರದೇಶದ ಕರೆಗೆ ಪೂರ್ತಿ ತಡೆ ಈ ಮೂರನ್ನು ಮೊದಲ ದಿನವೇ ಮಾಡಿಸಬೇಕು.

ನಮ್ಮವರಿಗೆ ಸಲ್ಲುವ ಒಂದು ಸೌಕರ್ಯವನ್ನು ಯಾವ ಮಾರಾಟಗಾರರೂ ಹೇಳುವುದಿಲ್ಲ. ಪುತ್ತೂರು, ಸುಳ್ಯ, ಕಾಸರಗೋಡಿನ ಕಡೆಯಿಂದ ಅಡಿಕೆ, ಮೆಣಸಿನ ಮಾತಿಗೆ ಕರೆಯುವವರು ಕನ್ನಡದಲ್ಲಿ ಮಾತನಾಡಲು ಬಯಸುತ್ತಾರೆ. ತಿರುವನಂತಪುರದ ಅಂಗಡಿಯಲ್ಲಿ ಕನ್ನಡ ಬಲ್ಲವರು ಇಲ್ಲದಿರಬಹುದು. ಕನ್ನಡಕ್ಕೆ ಎರಡು ಒತ್ತಿ ಎಂದು ಧ್ವನಿಮುದ್ರಿಸಿಟ್ಟು, ಆ ಕರೆ ಕೊಚ್ಚಿಯ ಗುಮಾಸ್ತರ ಮೇಜಿನಲ್ಲಿ ಗಂಟೆ ಬಾರಿಸುವಂತೆ ಮಾಡಬಹುದು. ವಯಸ್ಸಾಗಿ ಊರಿಗೆ ಮರಳಿದ ಯಜಮಾನರು ಕುಂಬಳೆಯ ಮನೆಯಲ್ಲಿ ಕುಳಿತೇ ಹಳೆಯ ಗಿರಾಕಿಗಳನ್ನು ವಿಚಾರಿಸಿಕೊಳ್ಳಲೂ ಒಂದು ಒಳಸಂಖ್ಯೆ ಸಾಕು. ಅವರ ದನಿ ಕೇಳಿದರೆ ಬಾಕಿ ವಸೂಲಾಗುವ ಗಿರಾಕಿಗಳು ಈಗಲೂ ಇದ್ದಾರೆ.

ಆರಂಭಕ್ಕೆ ದೊಡ್ಡ ಖರ್ಚು ಬೇಡ. ಕಚೇರಿಯ ಗಣಕಗಳಲ್ಲಿ, ಮೊಬೈಲುಗಳಲ್ಲಿ ಉಚಿತ ಸಾಫ್ಟ್‌ಫೋನ್ ಹಾಕಿಕೊಂಡು, ಎರಡು ಊರಿನವರು ಎರಡು ವಾರ ಅದರಲ್ಲೇ ಮಾತನಾಡಿ ನೋಡಿ. ಮೇಜಿನ ಫೋನುಗಳನ್ನು ಆಮೇಲೆ ಕೊಂಡರಾಯಿತು. ಹೊಸದು ಸರಿಹೋಯಿತೆಂಬ ಉತ್ಸಾಹದಲ್ಲಿ ಹಳೆಯ ಲ್ಯಾಂಡ್‌ಲೈನನ್ನು ಮಾತ್ರ ಕೂಡಲೇ ಮರಳಿಸಬೇಡಿ. ಮೊಬೈಲಿನಂತೆ ಸ್ಥಿರ ದೂರವಾಣಿಯ ಸಂಖ್ಯೆಯನ್ನು ಒಂದು ಕಂಪೆನಿಯಿಂದ ಇನ್ನೊಂದಕ್ಕೆ ಒಯ್ಯುವ ಸೌಕರ್ಯ ನಮ್ಮಲ್ಲಿಲ್ಲ. ಮೂವತ್ತು ವರ್ಷದಿಂದ ಬಿಲ್ಲು ಪುಸ್ತಕದ ಮೇಲೆ, ಅಂಗಡಿಯ ಬೋರ್ಡಿನ ಮೇಲೆ ಅಚ್ಚಾದ ಸಂಖ್ಯೆಯನ್ನು ಅದೇ ಕಂಪೆನಿಯ ಫೈಬರಿಗೆ ಬದಲಾಯಿಸಿಕೊಡುತ್ತಾರೆಯೇ ಎಂದು ಮೊದಲು ವಿಚಾರಿಸಿ, ಉತ್ತರವನ್ನು ಲಿಖಿತವಾಗಿ ಪಡೆದ ಮೇಲೆಯೇ ಅರ್ಜಿಗೆ ಸಹಿ ಹಾಕಿ.