ಒಡೆಯುತ್ತದೆ ಸರಿ, ಎಲ್ಲಿ ಒಡೆಯುತ್ತದೆ?

ಸಂಖ್ಯೆಯೊಂದು ಸಂಯುಕ್ತವೆಂದು ತಿಳಿಯುವುದೇ ಬೇರೆ, ಅದರ ಅಪವರ್ತನಗಳು ಕೈಗೆ ಸಿಗುವುದೇ ಬೇರೆ. 67 ಎರಡುಗಳನ್ನು ಗುಣಿಸಿ 1 ಕಳೆದರೆ ಬರುವ 147573952589676412927 ಅನ್ನೇ ನೋಡಿ. ಇದು ಅವಿಭಾಜ್ಯವೆಂದು 1644ರಲ್ಲಿ ಫ್ರಾನ್ಸಿನ ಮರ್ಸೆನ್ ಬರೆದರು. ಅಲ್ಲವೆಂದು 1876ರಲ್ಲಿ ಲ್ಯೂಕಾ ತೋರಿಸಿದರು, ಒಂದೂ ಅಪವರ್ತನ ಸಿಗದೆಯೇ! ಅದು ಹೇಗೆ? ಅವಿಭಾಜ್ಯವಾಗಿದ್ದರೆ ಬರಲೇಬೇಕಿದ್ದ ಶೇಷ ಲೆಕ್ಕದಲ್ಲಿ ಬರಲಿಲ್ಲ, ಅಷ್ಟು ಸಾಕು. 193707721 × 761838257287 ಎಂದು ಅಮೆರಿಕದ ಫ್ರಾಂಕ್ ಕೋಲ್ ಬಿಡಿಸಿಟ್ಟದ್ದು 1903ರಲ್ಲಿ. (ಕೊನೆಯಂಕಿ 1 × 7 = 7, ತಾಳೆಯಾಯಿತು; ಉಳಿದದ್ದಕ್ಕೆ ದೊಡ್ಡ ಹಾಳೆ ಬೇಕು.)

ಇವತ್ತು ಕಂಪ್ಯೂಟರ್ ಇದನ್ನು ಚಿಟಿಕೆ ಹೊಡೆಯುವಷ್ಟರಲ್ಲಿ ಒಡೆಯುತ್ತದಲ್ಲ ಎನ್ನಬಹುದು. ನಿಜ. ಆದರೆ ಆ ಅಂತರ ಮುಚ್ಚಿಲ್ಲ, ಮುಂದಕ್ಕೆ ಸರಿದಿದೆ ಅಷ್ಟೆ: 617 ಅಂಕಿಗಳ ಸಂಖ್ಯೆಯಾದ ಆರ್‌ಎಸ್‌ಎ-2048 ಸಂಯುಕ್ತವೆಂಬುದು ಗುಟ್ಟೇನಲ್ಲ, ಅದರ ಎರಡು ಅಪವರ್ತನಗಳನ್ನು ಬಹಿರಂಗವಾಗಿ ತೋರಿಸಿದವರು ಮಾತ್ರ ಇನ್ನೂ ಯಾರೂ ಇಲ್ಲ.