ಬೆಣ್ಣೆಬಾಯಿಯ ಜೋಕುಮಾರ ಪರದೆಗೂ ಬರಲಿ

ಭಾದ್ರಪದದ ಚೌತಿ ಕಳೆದ ಕೆಲವೇ ದಿನಗಳಲ್ಲಿ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಸೀಮೆಯ ಹಳ್ಳಿಗಳಿಗೆ ಇನ್ನೊಬ್ಬ ದೇವರು ಬರುತ್ತಾನೆ. ಅವನಿಗೆ ಗುಡಿಯಿಲ್ಲ, ಮಂಟಪವಿಲ್ಲ. ಹಸಿಮಣ್ಣಿನಲ್ಲಿ ಮಾಡಿದ, ಅಗಲ ಮೋರೆಯ, ದೊಡ್ಡ ಕಣ್ಣಿನ ಜೋಕುಮಾರನನ್ನು ಬೇವಿನ ಸೊಪ್ಪು ತುಂಬಿದ ಬುಟ್ಟಿಯಲ್ಲಿ ಕೂರಿಸಿ, ಅಂಬಿಗರ ಹೆಣ್ಣುಮಕ್ಕಳು ತಲೆಯ ಮೇಲೆ ಹೊತ್ತು ಮನೆಮನೆ ತಿರುಗುತ್ತಾರೆ. ಅಂಗಳದಲ್ಲಿ ಬುಟ್ಟಿ ಇಳಿಸಿ, ಸುತ್ತ ಕೂತು ಅವನ ಕಥೆ ಹಾಡುತ್ತಾರೆ. ಮನೆಯವರು ಅವನ ಬಾಯಿಗೆ ಬೆಣ್ಣೆ ಒರೆಸಿ, ಮೊರದಲ್ಲಿ ಜೋಳವನ್ನೋ ಸಜ್ಜೆಯನ್ನೋ ತಂದು ನೀಡುತ್ತಾರೆ. ಮೊರ ಬರಿದಾಗಿ ಹಿಂದಿರುಗುವುದಿಲ್ಲ. ಬೇವಿನೆಲೆಯ ಜೊತೆ ಒಂದಿಷ್ಟು ನುಚ್ಚು ಪ್ರಸಾದವಾಗಿ ಮರಳುತ್ತದೆ. ಅದನ್ನು ಅಂಬಲಿಗೆ ಬೆರೆಸಿ ರೈತರು ಹೊಲದಲ್ಲಿ ಚರಗ, ಅಂದರೆ ಭೂಮಿಗೆ ನೈವೇದ್ಯವಾಗಿ, ಚೆಲ್ಲುತ್ತಾರೆ. ಜೋಕುಮಾರನ ಆಯುಷ್ಯ ಏಳೇ ದಿನ. ಹುಣ್ಣಿಮೆಯ ರಾತ್ರಿ ಅವನ ತಲೆ ಒಡೆದು, ಅಗಸರು ಬಟ್ಟೆ ಒಗೆಯುವ ಕಡೆ ಬಿಟ್ಟು ಬರುತ್ತಾರೆ.

ಈ ಆಚರಣೆಯ ಜೀವಾಳ ಒಂದು ನಂಬಿಕೆಯಲ್ಲಿದೆ. ಚೌತಿಗೆ ಬಂದ ಗಣಪ ಕಡುಬು, ಹೋಳಿಗೆ ಉಂಡು, ಭೂಲೋಕದಲ್ಲಿ ಎಲ್ಲರೂ ಸುಖವಾಗಿದ್ದಾರೆ ಎಂದು ಶಿವನಿಗೆ ಹೇಳುತ್ತಾನಂತೆ. ಜೋಕುಮಾರ ಹಾಗಲ್ಲ. ಬಡವರ ಅಂಗಳದಲ್ಲಿ ನುಚ್ಚು, ಅಂಬಲಿ ಕಂಡವನು. ಮಳೆಯಿಲ್ಲದೆ ಒಣಗಿದ ಹೊಲಗಳನ್ನು ದಾಟಿ ಬಂದವನು. ಸತ್ತು ಹೋಗಿ ಅವನು ಹೇಳುವುದು ಇದ್ದದ್ದನ್ನೇ, ಮಳೆ ಬರುವುದು ಅವನ ಮಾತಿಗೇ. ಹಸಿವಿನ ಸತ್ಯ ಗೊತ್ತಿರುವುದು ಬಡವರ ಮನೆಯ ತುತ್ತು ಉಂಡವನಿಗೆ ಎಂಬ ಈ ತಿಳಿವಳಿಕೆ ನಮ್ಮ ಜನಪದದ ದೊಡ್ಡ ಆಸ್ತಿ. ಇದು ಇಂದಿನ ಮಕ್ಕಳಿಗೆ ಮುಟ್ಟಬೇಕಾದರೆ ಜೋಕುಮಾರ ಅನಿಮೇಷನ್ ಪರದೆಗೆ ಬರಬೇಕು ಎಂಬುದು ಈ ಲೇಖನದ ವಾದ.

ಜಪಾನಿನವರು ಇಂಥ ಕೆಲಸವನ್ನು ಬಹಳ ಹಿಂದೆಯೇ ಕೈಗೆತ್ತಿಕೊಂಡರು. ಅಲ್ಲಿನ ಜನಪದದಲ್ಲಿ 'ಯೋಕಾಯ್' ಎನ್ನುವ ಬಗೆಬಗೆಯ ಭೂತಗಳಿವೆ. ಹೊಳೆದಂಡೆಯಲ್ಲಿ ಕೂತು ಕೆಂಪು ಕಾಳು ತೊಳೆಯುವ ಅಜುಕಿಯರಾಯ್ ಅವುಗಳಲ್ಲಿ ಒಂದು. ಇನ್ನೊಂದು ತೋಫು ಕೊಜೋ: ತಲೆಗಿಂತ ದೊಡ್ಡ ಬಿದಿರು ಟೊಪ್ಪಿಗೆ ಹಾಕಿಕೊಂಡು, ತಟ್ಟೆಯಲ್ಲಿ ಒಂದು ತುಂಡು ತೋಫು, ಅಂದರೆ ಸೋಯಾ ಹಾಲಿನ ಗಟ್ಟಿ, ಹಿಡಿದು ನಿಲ್ಲುವ ಪುಟ್ಟ ಹುಡುಗ. ಯಾರನ್ನೂ ಹೆದರಿಸಲಾರದ ಸಾಧು ಭೂತ. ಮಿಜುಕಿ ಶಿಗೆರು ಅವರ 'ಗೆಗೆಗೆ ನೊ ಕಿತಾರೊ' ಚಿತ್ರಕಥೆ 1968ರಲ್ಲಿ ಟಿವಿ ಅನಿಮೇಷನ್ ಆದ ಮೇಲೆ ಇಂಥ ಯೋಕಾಯ್‌ಗಳು ಮನೆಮನೆಯ ಮಕ್ಕಳಿಗೆ ಪರಿಚಿತವಾದವು. 2011ರಲ್ಲಿ ತೋಫು ಕೊಜೋನನ್ನೇ ನಾಯಕನನ್ನಾಗಿಸಿದ ಅನಿಮೇಷನ್ ಚಿತ್ರವೂ ಬಂತು. ಬಲವಿಲ್ಲದ, ಊಟದ ತಟ್ಟೆಯೊಂದೇ ಗುರುತಾಗಿರುವ ಪಾತ್ರವೂ ಒಂದು ಚಿತ್ರವನ್ನು ಹೊರಬಲ್ಲದು ಎಂಬುದಕ್ಕೆ ಇದು ಸಾಕ್ಷಿ.

ಉಣ್ಣುವ ಕಥೆಯೇ ಬೇಕಿದ್ದರೆ ಬಾದಾಮಿಗೆ ವಾತಾಪಿ ಇದ್ದಾನಲ್ಲ ಎಂದು ಯಾರಾದರೂ ಕೇಳಬಹುದು. ಊರಿನ ಹಳೆಯ ಹೆಸರೇ ಅವನದು, ಕೆರೆಗೆ ಅವನನ್ನು ಅರಗಿಸಿಕೊಂಡ ಅಗಸ್ತ್ಯನ ಹೆಸರು. ಕಥೆ ರೋಚಕವೇ. ಆದರೆ ಅಲ್ಲಿ ಅನ್ನ ಬರುವುದು ಮೋಸದ ರೂಪದಲ್ಲಿ: ಊಟವಾಗಿ ಅತಿಥಿಯ ಹೊಟ್ಟೆ ಸೇರಿ, ಅದನ್ನೇ ಸೀಳಿಕೊಂಡು ಹೊರಬರುವ ಅಸುರ, ಕೊನೆಗೆ ಅವನನ್ನೂ ಜೀರ್ಣಿಸಿಕೊಳ್ಳುವ ಋಷಿ. ಅದು ಬಲಾಬಲದ ಕಥೆ. ಜೋಕುಮಾರನಲ್ಲಿ ಅನ್ನ ಕೊಡುಕೊಳ್ಳುವ ನಂಟು. ಮೊರ ಎರಡೂ ಕಡೆಗೆ ಓಡಾಡುತ್ತದೆ. ಪುಟ್ಟವರನ್ನು ಚಿತ್ರಿಸುವ ಕಲೆಯೂ ಈ ನೆಲಕ್ಕೆ ಹೊಸದಲ್ಲ. ಕ್ರಿ.ಶ. 578ರ ಶಾಸನವಿರುವ ಬಾದಾಮಿಯ ಮೂರನೆಯ ಗುಹೆಯಲ್ಲಿ ಮಹಾವಿಷ್ಣುವಿನ ಭವ್ಯ ಮೂರ್ತಿಗಳಿರುವಂತೆ, ಕೆಳಗೆ ಜಗತಿಯ ಉದ್ದಕ್ಕೂ ಡೊಳ್ಳು ಹೊಟ್ಟೆಯ ಕುಳ್ಳ ಗಣಗಳು ಕುಣಿಯುತ್ತಿವೆ. ಒಂದರ ಭಂಗಿ ಇನ್ನೊಂದಕ್ಕಿಲ್ಲ. ಚಾಲುಕ್ಯರ ಶಿಲ್ಪಿ ದೊಡ್ಡವರಿಗೆ ಗೋಡೆ ಕೊಟ್ಟ, ಚಿಕ್ಕವರಿಗೂ ಜಾಗ ಬಿಟ್ಟ. ಇಂದಿನ ಚಿತ್ರಕಾರರಿಗೆ ಇದಕ್ಕಿಂತ ಒಳ್ಳೆಯ ಮಾದರಿ ಬೇಕಿಲ್ಲ. ಬುಟ್ಟಿ ಹೊತ್ತವಳ ಇಳಕಲ್ ಸೀರೆಯ ಕೆಂಪು ಸೆರಗಿನಲ್ಲಿ ಜೋಳದ ತೆನೆಯನ್ನು ಹೋಲುವ ತೋಪುತೆನಿ ನೇಯ್ಗೆಯೂ ಇದೆ. ಚಿತ್ರದ ಬಣ್ಣ, ಬಳ್ಳಿಗಳು ಅಲ್ಲಿಂದಲೇ ಬರಬಹುದು.

ಜೋಕುಮಾರ ಮಕ್ಕಳಿಗೆ ತಕ್ಕವನಲ್ಲ ಎಂಬುದು ಗಂಭೀರವಾದ ಆಕ್ಷೇಪ. ಅವನು ಹೆಣ್ಣಿನ ಹುಚ್ಚಿನವನು. ಅಗಸರ ಹುಡುಗಿಯ ಮೇಲೆ ಕಣ್ಣು ಹಾಕಿಯೇ ಕೊಲೆಯಾದ ಎನ್ನುತ್ತವೆ ಕಥೆಗಳು. ಇದನ್ನು ಮುಚ್ಚಿಡಬೇಕಿಲ್ಲ. ಫಲವಂತಿಕೆಯ ದೇವರಲ್ಲಿ ಕಾಮವೂ ಮಳೆಯೂ ಬೆಳೆಯೂ ಒಂದೇ ಬೇರಿನವು. ಚಂದ್ರಶೇಖರ ಕಂಬಾರರು 1972ರ 'ಜೋಕುಮಾರಸ್ವಾಮಿ' ನಾಟಕದಲ್ಲಿ ಆ ಬೇರನ್ನೇ ಹಿಡಿದು, ಭೂಮಿ ಯಾರದು ಎಂಬ ಪ್ರಶ್ನೆಯವರೆಗೆ ಬೆಳೆಸಿದರು. ದೊಡ್ಡವರ ರಂಗಭೂಮಿ ಒಂದು ಮುಖವನ್ನು ಎತ್ತಿಕೊಂಡಂತೆ ಮಕ್ಕಳ ಪರದೆ ಇನ್ನೊಂದನ್ನು ಎತ್ತಿಕೊಳ್ಳಲಿ. ಆದರೆ ಅವನ ಸಾವನ್ನು ಮಾತ್ರ ತೆಗೆಯಬಾರದು. ಏಳು ದಿನಕ್ಕೆ ಮುಗಿಯುವ ಬಾಳೇ ಅವನ ಮಾತಿಗೆ ತೂಕ ಕೊಡುವುದು.

ಪರದೆಗೆ ಬಂದರೆ ಆಚರಣೆ ಸೊರಗುತ್ತದೆ ಎಂಬ ಭಯ ಇನ್ನೊಂದು. ತೋಫು ಕೊಜೋನ ಚರಿತ್ರೆ ಇದಕ್ಕೆ ಅರ್ಧ ಉತ್ತರ. ಅವನು ಹೆಸರಾದದ್ದೇ 18ನೇ ಶತಮಾನದ ಕೊನೆಗೆ ಎಡೊ (ಇಂದಿನ ಟೋಕಿಯೊ) ನಗರದಲ್ಲಿ ಮಾರಾಟವಾಗುತ್ತಿದ್ದ ಅಗ್ಗದ ಚಿತ್ರಪುಸ್ತಕಗಳಿಂದ. ಹೊಸ ಮಾಧ್ಯಮ ಅವನನ್ನು ಬೆಳೆಸಿತು. ಉಳಿದರ್ಧಕ್ಕೆ ನಾವೇ ಉತ್ತರ ಕಂಡುಕೊಳ್ಳಬೇಕು, ಏಕೆಂದರೆ ಜೋಕುಮಾರ ಇಂದಿಗೂ ಜೀವಂತ ಆಚರಣೆ, ಅವನ ಹಾಡು ಅಂಬಿಗರ ಹೆಣ್ಣುಮಕ್ಕಳ ಕಂಠದಲ್ಲಿದೆ. ಕಥೆಯನ್ನು ಎತ್ತಿಕೊಂಡು ಹಾಡಿದವರನ್ನು ಮರೆತರೆ ಅದು ಕಳವೇ ಸರಿ. ದನಿ ಅವರದಾಗಿರಲಿ, ಹೆಸರು ಅವರದು ಬರಲಿ, ಗಳಿಕೆಯಲ್ಲಿ ಪಾಲೂ ಸಲ್ಲಲಿ. ಹಾಗಾದರೆ ಪರದೆ ಆಚರಣೆಗೆ ನೆರವೂ ಆದೀತು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಓಣಿಗಳನ್ನೇ ಕಳೆದುಕೊಂಡ ಜಿಲ್ಲೆ ಬಾಗಲಕೋಟೆ. ಎತ್ತಂಗಡಿಯಾದ ಊರುಗಳಲ್ಲಿ ನೆರೆಹೊರೆ ಬದಲಾಗಿದೆ, ದುಡಿಯಲು ಹೋದವರ ಮಕ್ಕಳು ದೂರದ ನಗರಗಳಲ್ಲಿ ಬೆಳೆಯುತ್ತಿದ್ದಾರೆ. ಬುಟ್ಟಿ ತಲುಪಲಾರದ ಆ ಮನೆಗಳಿಗೆ ಪರದೆ ತಲುಪುತ್ತದೆ.

ಬಾಲ ಗಣೇಶನ ಅನಿಮೇಷನ್ ಚಿತ್ರ ಬಂದದ್ದು 2007ರಲ್ಲಿ. ಮಕ್ಕಳು ಅವನನ್ನು ಬಲ್ಲರು, ಅವನ ಮೋದಕವನ್ನೂ ಬಲ್ಲರು. ಎಲ್ಲ ಸುಖವಾಗಿದೆ ಎಂದು ಹೇಳುವ ದೇವರನ್ನಷ್ಟೇ ಕಂಡು ಬೆಳೆದ ಮಗುವಿಗೆ ಅರ್ಧ ಲೋಕ ಮಾತ್ರ ಗೊತ್ತಾಗುತ್ತದೆ. ಯಾರ ಮನೆಯ ಒಲೆ ಹೊತ್ತಿಲ್ಲ, ಯಾರ ಹೊಲಕ್ಕೆ ಮಳೆ ಬಿದ್ದಿಲ್ಲ ಎಂದು ಮೇಲಿನವರ ಮುಂದೆ ನಿಂತು ಹೇಳುವ ಧೈರ್ಯವೂ ದೈವಗುಣವೇ ಎಂದು ಜೋಕುಮಾರ ಕಲಿಸುತ್ತಾನೆ. ಆ ಧೈರ್ಯವನ್ನು ಬಿಟ್ಟು ಬೆಣ್ಣೆಬಾಯಿಯ ಚಂದವನ್ನಷ್ಟೇ ತೋರಿಸುವುದಾದರೆ ಚಿತ್ರ ಮಾಡುವುದೇ ಬೇಡ.