ಬೆಂಕಿಗೊಂದು ಕಲ್ಲಿನ ಗೂಡು

ಮಕ್ಕಳೇ, ಅಗ್ಗಿಷ್ಟಿಕೆ ನೋಡಿದ್ದೀರಾ? ಮಡಿಕೇರಿ, ಊಟಿಯಂಥ ಚಳಿಯೂರುಗಳ ಹಳೆಯ ಬಂಗಲೆಗಳಲ್ಲಿ ಮೈ ಕಾಯಿಸಿಕೊಳ್ಳಲು ಗೋಡೆಯೊಳಗೇ ಒಲೆಯಂಥ ಗೂಡು ಇರುತ್ತದೆ. ಹೊಗೆ ಹೋಗಲು ಮೇಲೆ ಚಿಮಣಿ. ಮಡಿಕೇರಿ ಬಳಿ ನೆಂಟರ ಮನೆಯಲ್ಲಿ ಕಲ್ಲಿನ ಅಗ್ಗಿಷ್ಟಿಕೆ ಕಟ್ಟಿದಾಗ, ಮೇಸ್ತ್ರಿಯ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕುಳಿತೆ.

ಮೊದಲು ಅವರು ಪ್ರತಿ ಕಲ್ಲನ್ನೂ ಸುತ್ತಿಗೆಯಿಂದ ತಟ್ಟಿದರು. ‘ಠಣ್’ ಎಂದರೆ ಗಟ್ಟಿ ಕಲ್ಲು. ಸದ್ದು ಮಂಕಾದರೆ ಒಳಗೆ ಬಿರುಕು. ಸಂತೆಯಲ್ಲಿ ಅಜ್ಜಿ ಮಡಕೆ ತಟ್ಟಿ ನೋಡುವ ಹಾಗೆಯೇ!

ದೊಡ್ಡ ಕಲ್ಲು ಸೀಳಲು ಬಲಕ್ಕಿಂತ ತಾಳ್ಮೆ ಬೇಕು. ಒಂದೇ ಸಾಲಿನಲ್ಲಿ ಕುಳಿ ಕೊರೆದು, ಒಂದೊಂದರಲ್ಲೂ ಕಬ್ಬಿಣದ ಬೆಣೆ ಇಟ್ಟು, ಸರದಿಯಂತೆ ಎಲ್ಲಕ್ಕೂ ಹದವಾಗಿ ಹೊಡೆದರು. ಕಲ್ಲು ಆ ಸಾಲಿನುದ್ದಕ್ಕೂ ಬಿಟ್ಟುಕೊಂಡಿತು.

ಕಟ್ಟುವಾಗ ಅವರು ಮೀರದ ನಿಯಮವೊಂದಿತ್ತು: ಸಂದಿನ ಮೇಲೆ ಸಂದು ಬರಬಾರದು. ಕೆಳಗೆ ಎರಡು ಕಲ್ಲು ಕೂಡುವ ಜಾಗದ ಮೇಲೆ ಮೂರನೆಯದರ ಒಡಲು ಕೂರಬೇಕು. ಸಂದುಗಳು ಒಂದೇ ಗೆರೆಗೆ ಬಂದರೆ ಗೋಡೆ ಅಲ್ಲೇ ಬಿರಿಯುತ್ತದೆ. ಅಲ್ಲಲ್ಲಿ ಗೋಡೆಯ ಪೂರ್ತಿ ದಪ್ಪಕ್ಕೆ ಚಾಚುವ ಉದ್ದಗಲ್ಲು ಇಟ್ಟರು. ಹೊರಮೈ, ಒಳಮೈ ಎರಡನ್ನೂ ಹಿಡಿದಿಡುವುದು ಅದೇ. ತೂಗುಗುಂಡು, ರಸಮಟ್ಟ ಕೈಯಿಂದ ಇಳಿಯಲೇ ಇಲ್ಲ.

ಆದರೆ ಬೆಂಕಿ ತಾಗುವ ಒಳಭಾಗಕ್ಕೆ ಅವರು ಕಲ್ಲು ಬಳಸಲಿಲ್ಲ. ಶಾಖ ತಡೆಯುವ ವಿಶೇಷ ಇಟ್ಟಿಗೆ ಇಟ್ಟರು. ಏಕೆಂದು ಕೇಳಿದೆ. ಬಂಡೆ ಎಬ್ಬಿಸುವುದೇ ಬೆಂಕಿಯಿಂದಲ್ಲವೇ ಎಂದು ನಕ್ಕರು. ನಿಜ! ನಮ್ಮ ಕಡೆ ಬಂಡೆಯ ಮೇಲೆ ಸೌದೆ ಉರಿಸಿ ಚಪ್ಪಡಿ ಎಬ್ಬಿಸುವ ಹಳೆಯ ಪದ್ಧತಿಯುಂಟು. ಕಾದ ಮೇಲ್ಪದರ ಹಿಗ್ಗುತ್ತದೆ, ತಣ್ಣಗಿನ ಕೆಳಪದರ ಹಿಗ್ಗದು, ಎರಡೂ ಬೇರೆಯಾಗುತ್ತವೆ. ಗ್ರಾನೈಟ್‌ನಲ್ಲಿರುವ ಕ್ವಾರ್ಟ್ಜ್ ಹರಳಂತೂ ಸುಮಾರು 573 ಡಿಗ್ರಿ ಸೆಲ್ಸಿಯಸ್‌ನಲ್ಲಿ ತಟ್ಟನೆ ಉಬ್ಬುತ್ತದೆ. ಹೊಳೆಯ ಕಲ್ಲು ಇನ್ನೂ ಅಪಾಯ: ಒಳಗೆ ಸೇರಿದ ನೀರು ಆವಿಯಾಗಿ ಕಲ್ಲೇ ಸಿಡಿಯಬಹುದು.

ಇನ್ನು ಹೊಗೆಯ ದಾರಿ. 1790ರ ದಶಕದಲ್ಲಿ ಕೌಂಟ್ ರಮ್‌ಫೋರ್ಡ್ ಎಂಬ ವಿಜ್ಞಾನಿ ಲಂಡನ್ನಿನ ಅಗ್ಗಿಷ್ಟಿಕೆಗಳನ್ನು ತಿದ್ದಿದರು. ಅಗಲವಾಗಿದ್ದ ಚಿಮಣಿಯ ಗಂಟಲನ್ನು ಕಿರಿದು ಮಾಡಿ, ಪಕ್ಕದ ಗೋಡೆಗಳನ್ನು ಓರೆಯಾಗಿಸಿದರು. ಹೊಗೆ ಸಲೀಸಾಗಿ ಮೇಲೇರಿತು, ಶಾಖ ಕೋಣೆಗೆ ಬಂತು. ನಮ್ಮ ಮೇಸ್ತ್ರಿಯೂ ಗಂಟಲನ್ನು ಕಿರಿದಾಗಿಯೇ ಕಟ್ಟಿದರು.

ಅಜ್ಜ ಅಜ್ಜಿಯರೇ, ಹೊಗೆಯಿಲ್ಲದಿದ್ದರೆ ಅಪಾಯವಿಲ್ಲ ಎಂದುಕೊಳ್ಳಬೇಡಿ. ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಕೆಂಡ ಇಟ್ಟು ಮಲಗಲೇಬೇಡಿ. ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲೇ ಜೀವ ತೆಗೆಯುತ್ತದೆ.

ಕಟ್ಟಿ ಮುಗಿದರೂ ಮೇಸ್ತ್ರಿ ಬೆಂಕಿ ಹಾಕಗೊಡಲಿಲ್ಲ. ಗಾರೆ ಒಣಗಲು ವಾರಗಟ್ಟಲೆ ಬೇಕು. ಆಮೇಲೂ ಮೊದಲು ನಾಲ್ಕು ಕಡ್ಡಿಯ ಸಣ್ಣ ಉರಿ, ದಿನದಿನಕ್ಕೆ ಸ್ವಲ್ಪ ಹೆಚ್ಚು. ಮನೆಯ ಮಕ್ಕಳು ದಿನಾ ಗಾರೆ ಮುಟ್ಟಿ ನೋಡುತ್ತಿದ್ದರು.

ಈ ಭಾನುವಾರ ಅಜ್ಜನ ಕೈಹಿಡಿದು ನಿಮ್ಮೂರಿನ ಹಳೆಯ ಕಲ್ಲುಗೋಡೆಯೊಂದನ್ನು ನೋಡಿ ಬನ್ನಿ. ಸಂದಿನ ಮೇಲೆ ಸಂದು ಎಲ್ಲಾದರೂ ಸಿಗುತ್ತದೆಯೇ, ಹುಡುಕಿ!